ತೊಟ್ಟಿಲ ಮನೆಯೂ ಕಸದ ಬುಟ್ಟಿಯೂ



ಕೂಸು ಈ ಲೋಕಕ್ಕೆ ಬರಿಗೈಯಿಂದ ಬರುವದು. ಅದಕ್ಕೆ ಬೇಕಾದುದಾದರೂ ಬಹಳವಲ್ಲ. ತಾಯಿಯ ಹಾಲು, ಬೆಚ್ಚನೆಯ ಅರಿವೆ, ಎತ್ತಿಕೊಳ್ಳುವ ಕೈ, ಜೋಗುಳ ಹಾಡುವ ಕಂಠ, ಇಷ್ಟೇ. ಆದರೆ ಈಗಿನ ಮನೆಗಳಲ್ಲಿ ತೊಟ್ಟಿಲು ಕಟ್ಟುವ ಮೊದಲೇ ಪೇಟೆಯಿಂದ ಡಬ್ಬಿ, ಸೀಸೆ, ಪೊಟ್ಟಣ, ಪ್ಲಾಸ್ಟಿಕಿನ ಗೊಂಬೆಗಳ ದಿಬ್ಬಣವೇ ಹೊರಟು ಬರುತ್ತದೆ. ಕೂಸು ಅಂಬೆಗಾಲಿಕ್ಕುವ ಹೊತ್ತಿಗೆ ಅದರ ಬಹುಭಾಗವು ತಿಪ್ಪೆಯನ್ನು ಸೇರಿರುತ್ತದೆ. ಇದರಲ್ಲಿ ಕೂಸಿನ ತಪ್ಪೇನೂ ಇಲ್ಲ. ಎಳೆಯ ಮಕ್ಕಳುಳ್ಳ ಸಂಸಾರಗಳು ಈ ಕಸವನ್ನು ಹೇಗೆ ಇಳಿಸಬಹುದೆಂಬದೇ ಇಲ್ಲಿಯ ವಿಚಾರವು.

ಮೊದಲು ಎಣಿಸತಕ್ಕದ್ದು ಡೈಪರು. ದಿನಕ್ಕೆ ಐದರಂತೆ ಎರಡು ವರ್ಷಗಳ ಲೆಕ್ಕವನ್ನು ಹಾಕಿದರೆ ಒಂದೇ ಕೂಸಿಗೆ 3,650 ಡೈಪರುಗಳಾಗುವವು. ಅದರ ಹೊರಪದರವು ಪ್ಲಾಸ್ಟಿಕ್ಕು. ಒಳಗೆ ಮರದ ತಿರುಳಿನ ಅರಳೆ, ಅದರೊಡನೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಲೋಳೆಯಾಗುವ ಒಂದು ರಾಸಾಯನಿಕ ಪುಡಿ. ಮರದ ತಿರುಳು ಕಾಲಾಂತರದಲ್ಲಿ ಮಣ್ಣಾದೀತು. ಪ್ಲಾಸ್ಟಿಕ್ಕಾದರೋ ಅದನ್ನು ಕಟ್ಟಿಸಿಕೊಂಡ ಕೂಸು ಮುದುಕನಾದ ಮೇಲೆಯೂ ಉಳಿದಿರುವದು. ಹಿತ್ತಲಲ್ಲಿ ಸುಟ್ಟರೆ ಆ ವಿಷದ ಹೊಗೆಯನ್ನು ಕುಡಿಯಬೇಕಾದುದೂ ಅದೇ ಕೂಸೇ. ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿ ಕೊಡಬೇಕೆಂದು ಭಾರತ ಸರಕಾರದ 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಸುತ್ತದೆ ಬುಟ್ಟಿಗೆ ಎಸೆದುದನ್ನು ಕೈಯಿಂದ ಬೇರ್ಪಡಿಸುವವರು ಪೌರಕಾರ್ಮಿಕರು. ಅವರಲ್ಲಿ ಬಹುಜನರು ಹೆಣ್ಣುಮಕ್ಕಳು; ಅವರ ಮನೆಗಳಲ್ಲಿಯೂ ತೊಟ್ಟಿಲುಗಳುಂಟು. ಒಂದು ಕೂಸಿನ ಹೊಲಸನ್ನು ಮುಟ್ಟಿದ ಆ ಕೈಯೇ ಸಂಜೆಗೆ ಇನ್ನೊಂದು ಕೂಸಿಗೆ ತುತ್ತಿಡುವದೆಂಬದನ್ನು ಯಾರೂ ಮರೆಯತಕ್ಕದ್ದಲ್ಲ.

ಹಿಂದಿನವರು ಹಳೆಯ ಹತ್ತಿಯ ಸೀರೆಯನ್ನೋ ಧೋತರವನ್ನೋ ಹರಿದು ಕೂಸಿನ ಅರಿವೆಗಳನ್ನು ಮಾಡುತ್ತಿದ್ದರು. ಬಡತನವೊಂದೇ ಅದಕ್ಕೆ ಕಾರಣವಲ್ಲ. ನೂರು ಸಲ ಒಗೆದ ನೂಲಿನಷ್ಟು ಮೆತ್ತಗಿನದು ಎಳೆಯ ಚರ್ಮಕ್ಕೆ ಬೇರೊಂದಿಲ್ಲ. ಹುಟ್ಟಿದ ಕೂಸಿಗೆ ಹೊಸ ಬಟ್ಟೆಯನ್ನು ತೊಡಿಸದೆ, ಸುಖವಾಗಿ ಬೆಳೆದ ಮತ್ತೊಂದು ಮಗುವಿನ ಅಂಗಿ ಕುಂಚಿಗೆಗಳನ್ನೇ ಮೊದಲು ತೊಡಿಸುವ ರೂಢಿಯು ಅನೇಕ ಮನೆಗಳಲ್ಲಿತ್ತು. ಕೌದಿಯ ಮಾತಂತೂ ಕೇಳುವದೇ ಬೇಡ. ಅಜ್ಜಿಯ ಸೀರೆ, ಅಪ್ಪನ ಅಂಗಿ, ಅಣ್ಣನ ಚಡ್ಡಿ ಇವೆಲ್ಲ ಪದರು ಪದರಾಗಿ ಕೂಡಿ, ಸಾಲುಹೊಲಿಗೆಯಲ್ಲಿ ಒಂದಾಗಿ, ಕೂಸಿನ ಕೆಳಗೆ ಹಾಸಿಗೆಯಾಗುತ್ತಿದ್ದವು; ಆ ಕೌದಿಯೂ ಹರಿದರೆ ಮುಂದಿನ ಕೌದಿಯ ಒಳಪದರವಾಗುತ್ತಿತ್ತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ಈಗ ದೂರದೂರದವರು ಕಲೆಯೆಂದು ಕೊಂಡಾಡುತ್ತಾರೆ. ಹೊಲಿಯುವವರಿಗೆ ಅದು ಮೊದಲು ಮಕ್ಕಳ ಹೊದಿಕೆ.

ಆದರೂ ಹಿಂದಿನ ಕಾಲವನ್ನು ಹೊಗಳುವಾಗ ಒಂದು ಸತ್ಯವನ್ನು ಮರೆಮಾಚಲಾಗದು. ಆ ಮಿತವ್ಯಯವೆಲ್ಲವೂ ಹೆಂಗಸರ ರಟ್ಟೆಯ ಮೇಲೆ ನಿಂತಿತ್ತು. ಬಾಣಂತಿಗೆ ತಾಯಿಯಿದ್ದಳು, ಅತ್ತೆಯಿದ್ದಳು, ಅತ್ತಿಗೆ ನಾದಿನಿಯರಿದ್ದರು. ಒಗೆಯುವ ಕೈಗಳು ಹಲವಿದ್ದವು. ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದು, ನೀರಿಗೆ ಟ್ಯಾಂಕರಿನ ದಾರಿ ಕಾಯುತ್ತ, ನೌಕರಿಯನ್ನೂ ಮಾಡುವ ತಾಯಿಗೆ “ದಿನಾಲು ಹತ್ತು ಅರಿವೆ ಒಗೆ” ಎಂದು ಉಪದೇಶಿಸುವದು ಧರ್ಮವಲ್ಲ. ಹಾಗೆ ಹೇಳುವವರು ತಾವೇ ಒಂದು ವಾರ ಒಗೆದು ನೋಡಲಿ. ಭೂಮಿಯ ಹೊರೆಯನ್ನಿಳಿಸಿ ತಾಯಿಯ ತಲೆಯ ಮೇಲೆ ಹೊರಿಸಿದರೆ ಆ ವ್ರತವು ಮೂರು ತಿಂಗಳೂ ಬಾಳದು. ಆದುದರಿಂದ ಅರಿವೆಯನ್ನು ಒಗೆಯುವ ಕೆಲಸವು ತಂದೆಯ ಪಾಲಿಗೆ ಬರತಕ್ಕದ್ದು. ಹಾಲೂಡಿಸುವದು ಅವನಿಂದಾಗದು, ಒಗೆದು ಹಿಂಡಿ ಹರವುವದಕ್ಕೇನು ಅಡ್ಡಿ? ಹಗಲು ಅರಿವೆ, ರಾತ್ರಿ ಮತ್ತು ಪ್ರಯಾಣದಲ್ಲಿ ಡೈಪರು ಎಂದು ಹಂಚಿಕೊಂಡರೂ ಮೇಲಿನ ಲೆಕ್ಕವು ಅರ್ಧಕ್ಕಿಂತ ಕೆಳಗಿಳಿಯುವದು. ಪೂರ್ಣವ್ರತವನ್ನು ಹಿಡಿದು ಮುರಿಯುವದಕ್ಕಿಂತ ಅರ್ಧವ್ರತವನ್ನು ನಡೆಯಿಸುವದು ಲೇಸು.

ಅರಿವೆಯಾದ ಮಾತ್ರಕ್ಕೆ ಎಲ್ಲವೂ ಶುದ್ಧವೆಂದು ತಿಳಿಯುವದೂ ಸಲ್ಲದು. ಇಂಗ್ಲೆಂಡಿನ ಪರಿಸರ ಇಲಾಖೆಯು 2008ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಈ ವಿಷಯವು ಸ್ಪಷ್ಟವಾಯಿತು. ಬಹಳ ಬಿಸಿಯಾದ ನೀರಿನಲ್ಲಿ ಒಗೆದು ವಿದ್ಯುತ್ ಯಂತ್ರದಲ್ಲಿ ಒಣಗಿಸಿದರೆ ಅರಿವೆಯ ಲಾಭವೆಲ್ಲ ಕರಗಿಹೋಗುವದು. ಯಂತ್ರವನ್ನು ತುಂಬಿ ಒಗೆದು, ಹಗ್ಗದ ಮೇಲೆ ಹರವಿ, ಅವೇ ಅರಿವೆಗಳನ್ನು ಎರಡನೆಯ ಮಗುವಿಗೂ ಬಳಸಿದರೆ ಹೊರೆಯು ಬಹುಮಟ್ಟಿಗೆ ಇಳಿಯುವದು. ಬಯಲುಸೀಮೆಯಲ್ಲಿ ಬಿಸಿಲಿಗೆ ದುಡ್ಡಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಅದೂ ದುರ್ಲಭ. ಅಲ್ಲಿ ನಾಲ್ಕು ತಿಂಗಳು ಡೈಪರು ಕೊಂಡರೆ ಯಾರೂ ಬೆರಳು ತೋರಿಸತಕ್ಕದ್ದಲ್ಲ.

ಆಹಾರದ ವಿಷಯದಲ್ಲಿ ಹೇಳಬೇಕಾದುದು ಕಡಿಮೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂದು ವೈದ್ಯರು ಹೇಳುತ್ತಾರೆ. ಅದಕ್ಕೆ ಡಬ್ಬಿಯಿಲ್ಲ, ಸೀಸೆಯಿಲ್ಲ. ಕೂಸಿನ ಹಾಲುಪುಡಿಗೂ ಹಾಲಿನ ಸೀಸೆಗೂ ಜಾಹೀರಾತು ಕೊಡಕೂಡದೆಂದು 1992ರ ಕಾಯದೆಯೇ ತಡೆಯಿತು. ಹಾಲು ಸಾಲದ ತಾಯಿಯು ವೈದ್ಯರ ಮಾತಿನಂತೆ ನಡೆಯಲಿ, ಅದರಲ್ಲಿ ಅಳುಕು ಬೇಡ. ಮುಂದೆ ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟಿನ ಗಂಜಿಯು ಮನೆಯಲ್ಲಿಯೇ ಆಗುವದು. ಮಗುವಿಗೆ ಎರಡು ತುತ್ತು ಬಡಿಸಿ, ಕೇಳಿದರೆ ಮತ್ತೆ ಬಡಿಸಿದರೆ ತಟ್ಟೆಯಲ್ಲಿ ಉಳಿಯುವದಿಲ್ಲ. ಹುಟ್ಟುಹಬ್ಬದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು, ಬುಗ್ಗೆಯ ಕಡ್ಡಿಗಳು ಸಹ, 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾದವು. ಮುತ್ತುಗದ ಎಲೆಯೂ ಅಡಿಕೆಯ ಹಾಳೆಯೂ ಇರುವ ನಾಡಿಗೆ ಅದರಿಂದ ನಷ್ಟವೇನು? ಆಟಕ್ಕೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಯೊಂದಿದ್ದರೆ ಅದು ಮೂವರು ಮಕ್ಕಳ ಕೈಯನ್ನು ಕಂಡೀತು. ಅಡಿಗೆಮನೆಯ ಸೌಟು ತಾಟುಗಳೂ ಮಕ್ಕಳಿಗೆ ಬೇಸರ ತರುವದಿಲ್ಲ, ದೊಡ್ಡವರ ಕಿವಿಗೆ ಮಾತ್ರ ಕಷ್ಟ.

ಇಷ್ಟಕ್ಕೆಲ್ಲ ಅಡ್ಡವಾಗಿರುವದು ನಾಚಿಕೆ. ಹಳೆಯದನ್ನು ಕೊಟ್ಟರೆ ಜಿಪುಣರೆಂದಾರು, ತೆಗೆದುಕೊಂಡರೆ ಬಡವರೆಂದಾರು ಎಂಬ ಅಂಜಿಕೆಯಿಂದ ಒಂದು ಓಣಿಯ ಹತ್ತು ಮನೆಗಳಲ್ಲಿ ಹತ್ತು ತೊಟ್ಟಿಲುಗಳು ಅಟ್ಟದ ಮೇಲೆ ಧೂಳು ತಿನ್ನುತ್ತವೆ. ಓಣಿಗೊಂದು ಪೆಟ್ಟಿಗೆಯಿರಲಿ. ತೊಟ್ಟಿಲು, ಕುಂಚಿಗೆ, ಕೌದಿ, ನಡೆಗಾಡಿ, ಚಿತ್ರದ ಪುಸ್ತಕ ಇವೆಲ್ಲ ಅದರಲ್ಲಿರಲಿ. ವರ್ಷಕ್ಕೊಬ್ಬರು ಕೀಲಿಯನ್ನು ಕಾಯಲಿ. ಕೊಡುವ ಮೊದಲು ಅರಿವೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸತಕ್ಕದ್ದು. ಬಣ್ಣ ಸುಲಿದ, ಚೂರು ಕಳಚುವ ಆಟಿಗೆಗಳನ್ನು ಸೇರಿಸತಕ್ಕದ್ದಲ್ಲ. ಯಾರ ಮನೆಯಿಂದ ಬಂದಿತು, ಯಾರ ಮನೆಗೆ ಹೋಯಿತು ಎಂಬದನ್ನು ಎಲ್ಲಿಯೂ ಬರೆದಿಡುವದು ಬೇಡ. ಉಳ್ಳವರ ಮನೆಯವರೇ ಮೊದಲು ಬಂದು ಅದರಿಂದ ಒಂದು ಕುಂಚಿಗೆಯನ್ನು ಒಯ್ಯಲಿ.