ಬ್ಯಾಳಿ ಯಾಕ ಬೇಯಲಿಲ್ಲ?

ಯಾದಗಿರಿ, ಶಹಾಪುರ, ಸುರಪುರದ ಅಡುಗೆಮನೆಗಳಿಗೆ ಹೊಸದಲ್ಲದ ಮಾತೊಂದಿದೆ: 'ಈ ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ.' ತೊಗರಿ ನಾಡಿನಲ್ಲಿ ಇದಕ್ಕಿಂತ ಹತ್ತಿರದ ರಸಾಯನಶಾಸ್ತ್ರ ಯಾವುದಿದೆ? ಆದರೂ ಮಕ್ಕಳ ನೋಟುಬುಕ್ಕಿನಲ್ಲಿ ಗಡಸು ನೀರಿನ ವ್ಯಾಖ್ಯೆ ಇರುತ್ತದೆ, ಬ್ಯಾಳಿ ಇರುವುದಿಲ್ಲ. ಈ ಅಂತರಕ್ಕೊಂದು ಚರಿತ್ರೆಯಿದೆ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಸಂಗಡಿಗರೊಡನೆ ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದರು. ಅದು ನಡೆದದ್ದು ಎರಡೇ ವರ್ಷ. ಅದೇ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿದರು. ಪುಸ್ತಕ, ಪದ ಎರಡನ್ನೂ ಸಿದ್ಧಮಾಡಲು ಅನುವಾದ ಕಚೇರಿಯನ್ನೇ ಕಟ್ಟಿದರು. ಎಂಥ ಸಾಹಸ ಅದು! ಆದರೆ ನಿಜಾಮರ ಸೀಮೆಯಲ್ಲಿದ್ದ ನಮ್ಮ ಹುಡುಗರ ಮನೆಮಾತು ಕನ್ನಡ. ಬೆಂಗಳೂರಿನ ಪತ್ರಿಕೆ ಅವರಿಗೆ ದೂರವಾಯಿತು, ಹೈದರಾಬಾದಿನ ಪುಸ್ತಕ ಪರಭಾಷೆಯಾಯಿತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯ ಸೇರಿತು. ಮುಂದೆ ರಸಾಯನಶಾಸ್ತ್ರದ ಮೇಷ್ಟ್ರು ಜೆ.ಆರ್. ಲಕ್ಷ್ಮಣರಾವ್ ಅವರ ಬರಹಗಳು, 'ಬಾಲವಿಜ್ಞಾನ' ಪತ್ರಿಕೆ ಕನ್ನಡದಲ್ಲಿ ಓದಲು ಸಿಕ್ಕವು. ಓದುವುದಾಯಿತು. ಮಕ್ಕಳೇ ಬರೆಯುವುದು?

ಬರೆಯಲು ನಮ್ಮಲ್ಲಿ ಏನು ಕಡಿಮೆ! ಸುರಪುರ ಸೀಮೆಯ ಬೂದಿಹಾಳವನ್ನೇ ನೋಡಿ. ಊರ ಹೆಸರಿನಲ್ಲೇ ಬೂದಿ. ಅಲ್ಲಿಯ ನವಶಿಲಾಯುಗದ ಬೂದಿದಿಬ್ಬವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಗೆದು ನೋಡಿದರು. ಇಂಥ ದಿಬ್ಬಗಳು ಯಾವುದರ ಬೂದಿ ಎಂದು ಹತ್ತೊಂಬತ್ತನೆಯ ಶತಮಾನದಿಂದಲೇ ವಾದ ನಡೆದಿತ್ತು. ದನದ ಸಗಣಿಯದು ಎಂದರು ರಾಬರ್ಟ್ ಬ್ರೂಸ್ ಫೂಟ್. 1960ರಲ್ಲಿ ಜ್ಯೂನರ್ ಎಂಬ ವಿಜ್ಞಾನಿ ಬಳ್ಳಾರಿ ಕಡೆಯ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿ ಅದು ನಿಜವೆಂದು ತೋರಿಸಿದರು. ದನ ತಿಂದ ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ಬೆಂಕಿಯ ಕಾವು ಏರಿದಾಗ ಅದು ಕರಗಿ ಗಾಜಿನಂಥ ಕಿಟ್ಟವಾಗುತ್ತದೆ. ಮನೆಯ ಒಲೆಯಲ್ಲಿ ಕುಳ್ಳು ಉರಿದರೆ ಬೂದಿ ಮಾತ್ರ ಉಳಿಯುತ್ತದೆ, ಕಿಟ್ಟ ಯಾಕಿಲ್ಲ? ಒಂಬತ್ತನೆಯ ತರಗತಿಯ ಹುಡುಗಿಗೆ ಒಂದು ಪುಟ ಬರೆಯಲು ಈ ಪ್ರಶ್ನೆ ಸಾಕು.

ಬ್ಯಾಳಿಗೆ ಮರಳೋಣ. ಒಂದು ಪಾತ್ರೆಗೆ ಮಳೆನೀರು, ಇನ್ನೊಂದಕ್ಕೆ ಬೋರಿನ ನೀರು ಹಾಕಿ, ಮಗು ಅಮ್ಮನ ಜೊತೆ ಕೂತು, ಬ್ಯಾಳಿ ಎಷ್ಟು ಹೊತ್ತಿಗೆ ಬೆಂದಿತೆಂದು ಬರೆಯಲಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಾಳಿನೊಳಗಿನ ಪೆಕ್ಟಿನ್ ಅನ್ನು ಬಿಗಿಹಿಡಿಯುತ್ತವೆ ಎಂಬುದನ್ನು ಆಮೇಲೆ ಹೇಳಿಕೊಡಿ. ಅಜ್ಜಿ ಚಿಟಿಕೆ ಸೋಡಾ ಹಾಕುವುದು ಯಾಕೆಂದು ಮಗುವೇ ಕೇಳುತ್ತದೆ, ಅದನ್ನೂ ಬರೆಯುತ್ತದೆ.

ಮತ್ತೆ ಮಾಸ್ತರರೇ, ಮಗು 'ಬ್ಯಾಳಿ' ಎಂದೇ ಬರೆದರೆ ದಯವಿಟ್ಟು ಕೆಂಪು ಶಾಯಿಯಲ್ಲಿ ತಿದ್ದಬೇಡಿ.