ಯಂತ್ರಕ್ಕೆ ನಾಮಕರಣ

ಹೆಸರಿಡುವುದೆಂದರೆ ನಮ್ಮಲ್ಲಿ ಸಣ್ಣ ಕೆಲಸವಲ್ಲ. ಮಗು ಹುಟ್ಟಿದ ಮನೆಯಲ್ಲಿ ಅಜ್ಜನ ಹೆಸರೊ, ಕುಲದೇವರ ಹೆಸರೊ, ಸಿನಿಮಾದವರ ಹೆಸರೊ ಎಂಬ ಚರ್ಚೆ ದಿನಗಟ್ಟಲೆ ನಡೆದು, ಕಟ್ಟಕಡೆಗೆ ಕಿವಿಯಲ್ಲಿ ಹೇಳುವುದಕ್ಕೆ ಒಂದನ್ನೂ ನಾಲ್ಕು ಜನರೆದುರು ಕರೆಯುವುದಕ್ಕೆ ಇನ್ನೊಂದನ್ನೂ ಇಡುವ ಪದ್ಧತಿ ನಿಮಗೆ ತಿಳಿದದ್ದೇ ಆಗಿದೆ. ಆದರೆ ಬೀದಿಯ ಜನರನ್ನೆಲ್ಲ ಕರೆದು, ನನ್ನ ಮಗುವಿಗೆ ನೀವೇ ಒಂದು ಹೆಸರು ಸೂಚಿಸಿರಿ ಎಂದು ಕೇಳುವ ಸಾಹಸವನ್ನು ಯಾವ ತಂದೆಯೂ ಮಾಡಲಾರನು. 2016ನೆಯ ಇಸವಿಯಲ್ಲಿ ಅಮೆರಿಕದ ಗೂಗಲ್ ಕಂಪೆನಿಯು ಈ ಸಾಹಸ ಮಾಡಿತು. ತಾನು ಹೊಸದಾಗಿ ಹೊರಡಿಸಲಿದ್ದ ಆಂಡ್ರಾಯ್ಡ್ ಎಂಬ ಫೋನು ವ್ಯವಸ್ಥೆಯ ಏಳನೆಯ ಆವೃತ್ತಿಗೆ ಹೆಸರು ಸೂಚಿಸಬೇಕೆಂದು ಲೋಕವನ್ನೇ ಕೇಳಿತು. ಆಗ ಎದ್ದ ಸದ್ದು ನಮ್ಮ ನಾರಾವಿಯವರೆಗೂ ಮುಟ್ಟಿತು. ಅದರ ವಿಷಯವಾಗಿಯೇ ಇಂದು ನಾಲ್ಕು ಮಾತು.

ಮೊದಲು ಈ ವ್ಯವಸ್ಥೆಯೆಂದರೆ ಏನು? ಕಂಪ್ಯೂಟರಿನಲ್ಲಿಯೂ ಫೋನಿನಲ್ಲಿಯೂ ಇರುವ ಆಪರೇಟಿಂಗ್ ಸಿಸ್ಟಮನ್ನು ಕನ್ನಡದಲ್ಲಿ 'ಕಾರ್ಯಾಚರಣ ವ್ಯವಸ್ಥೆ' ಎನ್ನುವುದುಂಟು. ಆ ಮಾತು ಕಿವಿಗೆ ಬಿದ್ದರೆ ಎಲ್ಲಿಯೊ ಪೋಲೀಸರು ದಾಳಿ ಇಟ್ಟರೇನೋ ಎನಿಸುತ್ತದೆ! ನಮ್ಮ ಕಡೆಯವರಿಗೆ ಬೇರೊಂದು ದಾರಿಯಿಂದ ಹೇಳಿದರೆ ಸುಲಭ. ಬಯಲಾಟದಲ್ಲಿ ವೇಷಗಳು ಬರುತ್ತವೆ, ಕುಣಿಯುತ್ತವೆ, ಹೋಗುತ್ತವೆ. ಪ್ರೇಕ್ಷಕರ ಕಣ್ಣೆಲ್ಲ ವೇಷಗಳ ಮೇಲೆ. ಆದರೆ ಯಾವ ವೇಷ ಯಾವಾಗ ಬರಬೇಕು, ಯಾರಿಗೆ ಎಷ್ಟು ಹೊತ್ತು, ಎಲ್ಲಿ ಚೆಂಡೆ, ಎಲ್ಲಿ ಮದ್ದಳೆ ಎಂಬುದನ್ನು ಹಿಂದೆ ಕುಳಿತ ಭಾಗವತರು ನಡೆಯಿಸುತ್ತಾರೆ. ಫೋನಿನಲ್ಲಿ ನೀವು ಮಾತಾಡುವುದು, ಹಾಡು ಕೇಳುವುದು, ಹಣ ಕಳುಹಿಸುವುದು, ಇವೆಲ್ಲ ವೇಷಗಳು. ಇವನ್ನೆಲ್ಲ ರಂಗಕ್ಕೆ ಬಿಟ್ಟು ಹಿಂದಕ್ಕೆ ಕರೆಸಿಕೊಳ್ಳುವ ಭಾಗವತರೇ ಈ ವ್ಯವಸ್ಥೆ.

ಇಂಥ ಭಾಗವತರಿಗೆ ಆ ಕಂಪೆನಿಯವರು ತಿಂಡಿಯ ಹೆಸರುಗಳನ್ನಿಡುತ್ತ ಬಂದರು. ಅದೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. 2009ರಲ್ಲಿ ಸಿ ಅಕ್ಷರದ ಕಪ್‌ಕೇಕಿನಿಂದ ಹೊರಟು, ಡೋನಟ್, ಎಕ್ಲೇರ್ ಎಂದು ಮುಂದುವರಿದು, 2013ರಲ್ಲಿ ಕೆ ಅಕ್ಷರಕ್ಕೆ ಕಿಟ್‌ಕ್ಯಾಟ್ ಎಂಬ ಮಾರಾಟದ ಚಾಕೊಲೇಟಿನ ಹೆಸರನ್ನೇ ಇಟ್ಟು, 2014ರಲ್ಲಿ ಲಾಲಿಪಪ್, 2015ರಲ್ಲಿ ಮಾರ್ಷ್‌ಮೆಲೊ ಎಂಬಲ್ಲಿಗೆ ಮುಟ್ಟಿದರು. ಅಕ್ಷರಾಭ್ಯಾಸದ ಮಕ್ಕಳಿಗೆ ನಾವು 'ಅ' ಎಂದರೆ ಅರಸ, 'ಆ' ಎಂದರೆ ಆನೆ ಎಂದು ಕಲಿಸುವುದಿಲ್ಲವೆ, ಹಾಗೆಯೇ ಎನ್ನಿ. ಮಾರ್ಷ್‌ಮೆಲೊ ಎಂದರೇನೆಂದು ನನ್ನ ತರಗತಿಯಲ್ಲಿ ಕೇಳಿದಾಗ ಒಬ್ಬ ಹುಡುಗನೂ ಅದನ್ನು ತಿಂದವನಿರಲಿಲ್ಲ. ಆದರೂ ಆ ಹೆಸರಿನ ಫೋನು ಹಲವರ ಮನೆಯಲ್ಲಿತ್ತು.

ಮುಂದಿನ ಅಕ್ಷರ ಎನ್. 2015ರ ಡಿಸೆಂಬರಿನಲ್ಲಿ ಕಂಪೆನಿಯ ಮುಖ್ಯಸ್ಥರಾದ ಸುಂದರ್ ಪಿಚೈ ಅವರು ದೆಹಲಿಯ ಶ್ರೀರಾಮ್ ವಾಣಿಜ್ಯ ಕಾಲೇಜಿಗೆ ಬಂದಿದ್ದರು. ಮದುರೆಯಲ್ಲಿ ಹುಟ್ಟಿದ ನೀವು ಒಮ್ಮೆಯಾದರೂ ಭಾರತದ ಸಿಹಿತಿಂಡಿಯ ಹೆಸರನ್ನು ಏಕೆ ಇಡಬಾರದು ಎಂಬ ಅರ್ಥದ ಪ್ರಶ್ನೆ ಅಲ್ಲಿ ಬಂತು. ತಾಯಿಯನ್ನು ಕೇಳಿ ನೋಡುತ್ತೇನೆ, ಬೇಕಾದರೆ ಜನರ ಅಭಿಪ್ರಾಯವನ್ನೂ ಪಡೆಯಬಹುದು ಎಂದು ಅವರು ನಗುನಗುತ್ತ ಉತ್ತರವಿತ್ತರು. ದೊಡ್ಡವರು ನಗುತ್ತ ಹೇಳಿದ ಮಾತನ್ನು ಕೇಳಿದವರು ನಗೆಯೆಂದು ಬಿಟ್ಟುಬಿಡುವುದಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ಹೆಸರು ಸೂಚಿಸಲು ಬಹಿರಂಗ ಆಹ್ವಾನವೇ ಬಂದಿತು. ಉತ್ತರದವರು ನಾನ್‌ಖಟಾಯಿ ಎಂದರು. ಕೇರಳೀಯರು ಮಾತ್ರ ಚುನಾವಣೆಗೆ ಟೊಂಕಕಟ್ಟಿದವರಂತೆ ಒಂದೇ ಹೆಸರನ್ನು ಹಿಡಿದು ನಿಂತರು. ಅದು ನೆಯ್ಯಪ್ಪ.

ಬೆಳ್ತಂಗಡಿ ತಾಲೂಕಿನ ಅಂಚಿನಲ್ಲಿ, ಕಾರ್ಕಳದ ಗಡಿಗೆ ತಾಗಿಕೊಂಡಿರುವ ನಮ್ಮ ಊರಿನಲ್ಲಿಯೂ ಆ ದಿನಗಳಲ್ಲಿ ಇದೇ ಮಾತು. ಇಗರ್ಜಿಯ ಕಡೆಯ ಹುಡುಗರು ಕ್ರಿಸ್ಮಸ್ಸಿನ ಕುಸ್ವಾರಿನಲ್ಲಿ ಬರುವ ನೆವ್ರ್ಯೊ ಏಕಾಗಬಾರದು ಎಂದರು. ಇನ್ನೊಬ್ಬನು, ತಿಂಡಿಯೇ ಏಕೆ ಬೇಕು, ನಾರಾವಿ ಎಂದೇ ಇಡಲಿ, ಅದೂ ಎನ್ ಅಕ್ಷರವೇ ತಾನೆ ಎಂದನು. ಆ ಸೂಚನೆಯನ್ನು ಅವನು ಕಳುಹಿಸಿದನೋ ಇಲ್ಲವೋ, ತರಗತಿಯಲ್ಲಿ ಅದಕ್ಕೆ ಸರ್ವಾನುಮತವಂತೂ ದೊರೆಯಿತು.

ನನಗೆ ಆಗ ಒದಗಿದ್ದು ಪಂಡಿತರಿಗೆ ಸಹಜವಾದ ಚಪಲ. ನೆಯ್ಯಪ್ಪ ಮಲಯಾಳದವರದು ಮಾತ್ರವೆ? 'ನೆಯ್' ಎಂದರೆ ತುಪ್ಪ. ಈ ಮಾತು ಹಳಗನ್ನಡದಲ್ಲಿಯೂ ಇದೆ. ಎಳ್ಳಿನ ನೆಯ್ ಎಣ್ಣೆಯಾಯಿತು, ಬಿಳಿಯ ನೆಯ್ ಬೆಣ್ಣೆಯಾಯಿತು ಎಂದು ನಿಷ್ಪತ್ತಿ ಹೇಳುತ್ತಾರೆ. ಹೊಸಗನ್ನಡದಲ್ಲಿ ಅದು ಬಿಟ್ಟುಹೋಗಿ ತುಪ್ಪವೊಂದೇ ಉಳಿಯಿತು. ಆದರೆ ನಮ್ಮ ತುಳುವರು ಇಂದಿಗೂ ತುಪ್ಪಕ್ಕೆ ನೆಯಿ ಎನ್ನುತ್ತಾರೆ. ಬ್ಯಾರಿಗಳ ಮನೆಯಲ್ಲಿ ತುಪ್ಪದನ್ನಕ್ಕೆ ನೆಯ್ಚೋರು ಎಂದು ಹೆಸರು. ಇನ್ನು ಅಪ್ಪವಂತೂ ಗಣಪತಿಗೆ ಪ್ರಿಯವಾದದ್ದು. ಕಾಸರಗೋಡಿನ ಮಧೂರಿಗೆ ಹೋದವರೆಲ್ಲ ಆ ಪ್ರಸಾದವನ್ನು ಬಲ್ಲರು. ಆದುದರಿಂದ ಆ ಹೆಸರು ಬಂದಿದ್ದರೆ ಮಲಯಾಳಿಗಳ ಸಂತೋಷದಲ್ಲಿ ನಮಗೂ ಒಂದು ಪಾಲು ಕೇಳುವ ಹಕ್ಕಿತ್ತು.

ಬರಲಿಲ್ಲ. 2016ರ ಜೂನ್ 30ರಂದು ಹೊರಬಿದ್ದ ಹೆಸರು ನೌಗಟ್. ಸಕ್ಕರೆ ಅಥವಾ ಜೇನನ್ನು ಬೀಜಗಳೊಡನೆ ಬೆರೆಸಿ ಮಾಡುವ ಐರೋಪ್ಯ ಮಿಠಾಯಿ ಅದು. ನಮ್ಮ ಚಿಕ್ಕಿಯ ದೂರದ ನೆಂಟನೆನ್ನಬಹುದು. ಕೂಡಲೆ ಕೆಲವರು ನಕ್ಕರು, ಹಲವರು ಸಿಟ್ಟಾದರು. ಮೋಸವಾಯಿತು, ಮತ ಎಣಿಸಲೇ ಇಲ್ಲ ಎಂದವರೂ ಉಂಟು. ನ್ಯಾಯವಾಗಿ ಹೇಳುವುದಾದರೆ, ಕಂಪೆನಿಯವರು ಸೂಚನೆಗಳನ್ನು ಕೇಳಿದ್ದರೇ ಹೊರತು ಬಹುಮತವನ್ನು ಒಪ್ಪುತ್ತೇವೆಂದು ಎಲ್ಲಿಯೂ ಹೇಳಿರಲಿಲ್ಲ. ಹೆಸರು ಕೇಳುವುದೂ ವ್ಯಾಪಾರದ ಒಂದು ಡಂಗುರವೇ. ಜನರು ತಾವಾಗಿ ಡಂಗುರ ಹೊಡೆದುಕೊಟ್ಟರೆ ಕೂಲಿಯೂ ಉಳಿಯಿತು.

ಆದರೂ ಸಿಟ್ಟಾದವರನ್ನು ಹುಡುಗಾಟದವರೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ನೋಡಿ, ಈ ಯಂತ್ರದ ಒಳಗೇನಿದೆಯೆಂದು ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನು ಬಿಚ್ಚಿ ತಿದ್ದುವ ವಿದ್ಯೆ ನಮ್ಮದಲ್ಲ. ನಾವು ಏನಾದರೂ ಹೇಳಬಹುದಾದ ಭಾಗ ಒಂದೇ, ಅದರ ಹೆಸರು. ಅಡುಗೆಮನೆಗೆ ಪ್ರವೇಶವಿಲ್ಲದವನು ಎಲೆಯ ತುದಿಯ ಉಪ್ಪಿನಕಾಯಿಯ ವಿಷಯದಲ್ಲಿ ಜಗಳವಾಡುವುದು ಸ್ವಾಭಾವಿಕ.

ಇಲ್ಲಿಯೇ ನನ್ನ ಆಕ್ಷೇಪವೂ ಇರುವುದು. ಇದಕ್ಕೆ ಎರಡು ವರ್ಷ ಮೊದಲು, 2014ರಲ್ಲಿ, ಲಾಲಿಪಪ್ ಎಂಬ ಆವೃತ್ತಿ ಬಂದಿತೆಂದೆನಷ್ಟೆ. ಕನ್ನಡವು ಆಂಡ್ರಾಯ್ಡಿನ ಭಾಷೆಗಳ ಪಟ್ಟಿಯಲ್ಲಿ ಸೇರಿದ್ದು ಆ ಆವೃತ್ತಿಯಲ್ಲಿ. ತಮಿಳು, ತೆಲುಗು, ಮಲಯಾಳ, ಮರಾಠಿಗಳೂ ಅದರ ಜೊತೆಗೇ ಬಂದವು. ಅಂದರೆ ಫೋನಿನಲ್ಲಿ ಕನ್ನಡ ಓದುವುದಷ್ಟೇ ಅಲ್ಲ, ಫೋನು ತಾನೇ ಕನ್ನಡದಲ್ಲಿ ನಿಮ್ಮೊಡನೆ ಮಾತಾಡುವ ಅನುಕೂಲ ದೊರೆಯಿತು. ಇದಕ್ಕೆ ಯಾರು ಪಟಾಕಿ ಹಚ್ಚಿದರು? ನನ್ನ ನೆರೆಯಲ್ಲಂತೂ ಯಾರೂ ಇಲ್ಲ. ಭಾರತದ ತಿಂಡಿಯ ಹೆಸರು ಬರಲಿಲ್ಲವೆಂದು ಕೊರಗಿದವರ ಕೈಯಲ್ಲಿದ್ದ ಫೋನುಗಳು, ನಾನು ನೋಡಿದ ಮಟ್ಟಿಗೆ, ಇಂಗ್ಲಿಷಿನಲ್ಲಿಯೇ ಇದ್ದವು.

ಕನ್ನಡಕ್ಕೆ ತಿರುಗಿಸಿ ಎಂದು ನಾನು ಹೇಳಿದರೆ, ಆ ಕನ್ನಡ ಅರ್ಥವಾಗುವುದಿಲ್ಲ ಮಾಸ್ತರರೆ ಎನ್ನುತ್ತಾರೆ. ಈ ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಅಲ್ಲಿ 'ಅಳಿಸಿ' ಎಂಬುದು ಚೊಕ್ಕ ಕನ್ನಡ. ಸ್ಲೇಟು ಬಳಪದ ಕಾಲದಿಂದ ಬಂದದ್ದು. ಆದರೆ 'ಸೆಟ್ಟಿಂಗ್‌ಗಳು' ಎಂದು ಕಂಡಾಗ ತಲೆ ಇಂಗ್ಲಿಷಿನದು, ಬಾಲ ಕನ್ನಡದ್ದು. ಇದಕ್ಕೆ ಬದಲು ಏನೆನ್ನಬೇಕು? 'ವ್ಯವಸ್ಥೆ' ಎಂದರೆ ಯಂತ್ರದ ಹೆಸರೇ ಆಯಿತು, 'ಅಣಿ' ಎಂದರೆ ಪಂಡಿತರಿಗೆ ಮಾತ್ರ ಹಿತ. ಶ್ರುತಿಪೆಟ್ಟಿಗೆಯನ್ನು ಹಾಡುವವನ ಕಂಠಕ್ಕೆ ಹೊಂದಿಸಿಕೊಳ್ಳುವುದುಂಟಷ್ಟೆ. ಅದನ್ನು ನೆನೆದು 'ಹೊಂದಿಕೆ' ಎಂದರೆ ಹೇಗೆ ಎಂದು ನನ್ನ ಮಕ್ಕಳನ್ನು ಕೇಳಿದೆ. ಹತ್ತು ನಿಮಿಷ ವಾದವಾಯಿತು. ನೌಗಟ್ಟಿನ ವಿಷಯದಲ್ಲಿ ಆದ ವಾದಕ್ಕಿಂತ ಇದು ಮೇಲಾದ ವಾದವೆಂದು ನನಗೆ ತೋರಿತು. ಹೊರಗಿನ ಹೆಸರು ವರ್ಷಕ್ಕೊಮ್ಮೆ ಬದಲಾಗುವಂಥದ್ದು. ಒಳಗಿನ ಮಾತುಗಳನ್ನು ನೀವು ದಿನಕ್ಕೆ ಐವತ್ತು ಸಲ ಓದುತ್ತೀರಿ.

ಹೊರಗಿನ ಹೆಸರಿಗೆ ಬೆಲೆಯೇ ಇಲ್ಲವೆ ಎಂದರೆ, ಇದೆ. ಆದರೆ ಅದನ್ನು ಬೇಡಿ ಪಡೆಯುವ ಬಗೆ ಬೇರೆ, ಮಾಡಿದವನು ಇಡುವ ಬಗೆ ಬೇರೆ. ನೀವು ಕೇಳುತ್ತಿರುವ ಈ ಆಕಾಶವಾಣಿಯ ಹೆಸರನ್ನೇ ತೆಗೆದುಕೊಳ್ಳಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ಹೂಡಿದರು. ಅದಕ್ಕೆ ಈ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುತ್ತಾರೆ. ಪುರಾಣದಲ್ಲಿ ಕಂಸನನ್ನು ನಡುಗಿಸಿದ ಅಶರೀರವಾಣಿಯನ್ನು ಬಲ್ಲ ಜನರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಭೋವಾಣಿ, ಬಾನುಲಿ ಎಂಬ ಮಾತುಗಳೂ ಚಲಾವಣೆಗೆ ಬಂದವು. ಬಾನುಲಿಯ ಮೇಲೆ ನನಗೆ ಇಂದಿಗೂ ಪ್ರೀತಿಯಿದೆ. ಆದರೆ ಮೈಸೂರಿನ ಮನೆಯೊಂದರಲ್ಲಿ ಇಟ್ಟ ಹೆಸರನ್ನು 1950ರ ದಶಕದ ಉತ್ತರಾರ್ಧದಲ್ಲಿ ದೇಶದ ರೇಡಿಯೋವೇ ಎತ್ತಿಕೊಂಡಿತು. 2023ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಇಂಗ್ಲಿಷ್ ಹೆಸರನ್ನು ಬಿಟ್ಟು ಇದೊಂದನ್ನೇ ಉಳಿಸಿಕೊಂಡರು.

ಕಂಪ್ಯೂಟರಿನ ಲೋಕದಲ್ಲಿಯೂ ಇಂಥ ಹೆಸರುಗಳಿವೆ. ದಕ್ಷಿಣ ಆಫ್ರಿಕದ ಮಾರ್ಕ್ ಷಟಲ್‌ವರ್ತ್ ಎಂಬವರು 2004ರಲ್ಲಿ ಹೊರತಂದ ವ್ಯವಸ್ಥೆಗೆ ಉಬುಂಟು ಎಂದು ಆಫ್ರಿಕದ ನುಡಿಯ ಹೆಸರನ್ನಿಟ್ಟರು. ಒಬ್ಬರಿಗೊಬ್ಬರು ಮನುಷ್ಯರಾಗಿರುವುದು ಎಂಬ ಭಾವ ಅದಕ್ಕೆ. ಯಾರನ್ನೂ ಕೇಳಿ ಪಡೆದ ಹೆಸರಲ್ಲ. ನಮ್ಮಲ್ಲಿ ಮದರಾಸಿನ ಐ.ಐ.ಟಿ.ಯ ಆಶ್ರಯದಲ್ಲಿ ತಯಾರಾಗಿ 2023ರ ಜನವರಿಯಲ್ಲಿ ಬೆಳಕಿಗೆ ಬಂದ 'ಭಾರೋಸ್' ಎಂಬುದಿದೆ. ಭಾರತ ಮತ್ತು ಭರೋಸ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಜಾಣತನ ಅದರಲ್ಲಿದೆ. ಕೆಲವರು ಮೆಚ್ಚಿದರು. ಇನ್ನು ಕೆಲವರು, ಇದು ಆಂಡ್ರಾಯ್ಡಿನ ಮುಕ್ತ ತಳಹದಿಯ ಮೇಲೆಯೇ ಕಟ್ಟಿದ್ದಲ್ಲವೆ, ಹೆಸರು ಮಾತ್ರ ಸ್ವದೇಶಿಯೆ ಎಂದು ಚುಚ್ಚಿದರು. ತಳಹದಿ ಪರರದಾದರೂ ಮನೆ ಕಟ್ಟಿದವನಿಗೆ ಹೆಸರಿಡುವ ಅಧಿಕಾರವಿದೆ ಎಂದು ನನ್ನ ಮತ.

ನಮ್ಮ ಜಿಲ್ಲೆಯದೇ ಉದಾಹರಣೆ ನನಗೆ ಇವೆಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡದ ಕೀಲಿಮಣೆಗೆ ಒಂದು ಕ್ರಮವನ್ನು ಹಾಕಿಕೊಟ್ಟವರು. ವ್ಯಂಜನದ ಕೀಲಿ ಒತ್ತಿ, ಸ್ವರದ ಕೀಲಿ ಒತ್ತಿದರೆ ಗುಣಿತಾಕ್ಷರ ತಾನಾಗಿ ಮೂಡುವ ಕ್ರಮ. ನಾವು ತರಗತಿಯಲ್ಲಿ ಕಾಗುಣಿತ ಹೇಳಿಕೊಡುವುದೂ ಇದನ್ನೇ. ಮುಂದೆ ರಾಜ್ಯ ಸರಕಾರವು ಒಪ್ಪಿದ ಕೀಲಿಮಣೆಗೂ ಇದೇ ಆಧಾರವಾಯಿತು. ತಾವು ರೂಪಿಸಿ ಉಚಿತವಾಗಿ ಹಂಚಿದ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ಸೇಡಿಯಾಪು ಕೃಷ್ಣಭಟ್ಟರು, 1902ರಿಂದ 1996ರವರೆಗೆ ಬಾಳಿದವರು, ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದವರು, ಛಂದಸ್ಸಿನಲ್ಲಿಯೂ ಶಬ್ದಗಳ ಮೂಲ ಹುಡುಕುವುದರಲ್ಲಿಯೂ ಅಸಾಧಾರಣರು. ಕಂಪ್ಯೂಟರಿನೊಳಗೆ ಒಬ್ಬ ಕನ್ನಡ ಪಂಡಿತನ ಹೆಸರು! ಯಾವ ಮತವನ್ನೂ ಯಾಚಿಸದೆ, ಯಾವ ಡಂಗುರವೂ ಇಲ್ಲದೆ ಆ ಹೆಸರು ಅಲ್ಲಿ ಹೋಗಿ ಕುಳಿತಿತು. ಪಂಡಿತವೃತ್ತಿಯವನಾದ ನನಗೆ ಇದರಲ್ಲಿ ಸ್ವಲ್ಪ ಪಕ್ಷಪಾತವಿದ್ದರೆ ನೀವು ಕ್ಷಮಿಸಬೇಕು.

ಈಚೆಗಿನ ಇನ್ನೊಂದು ಹೆಸರಿನ ವಿವಾದವೂ ನಮ್ಮ ಮನೆಬಾಗಿಲಿನದೇ. ಲೋಕದ ಲಿಪಿಗಳಿಗೆಲ್ಲ ಯಂತ್ರದೊಳಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ತುಳುನಾಡಿನ ಹಳೆಯ ಲಿಪಿಗೆ ಸ್ಥಾನ ದೊರೆಯಬೇಕೆಂದು ಬಹುಕಾಲ ಪ್ರಯತ್ನ ನಡೆಯಿತು. ತಡವಾದುದಕ್ಕೆ ಹೆಸರೂ ಒಂದು ಕಾರಣ. 'ಶ್ರೀ ಭಾಗವತೊ', 'ಕಾವೇರಿ' ಮೊದಲಾದ ತುಳು ಕಾವ್ಯಗಳ ಓಲೆಗಳನ್ನು ಕಂಡವರು ಅದನ್ನು ತುಳು ಲಿಪಿ ಎಂದರು. ಮಲೆನಾಡಿನ ಕಡೆ ಸಂಸ್ಕೃತದ ಓಲೆಗಳನ್ನು ಕಂಡವರು ತಿಗಳಾರಿ ಎಂದರು. ಎರಡು ಕಡೆಯಲ್ಲಿಯೂ ವಿದ್ವತ್ತಿತ್ತು, ಬಿಸಿಯೂ ಇತ್ತು. 2024ರ ಸೆಪ್ಟೆಂಬರಿನಲ್ಲಿ ಹೊರಬಂದ 16ನೆಯ ಆವೃತ್ತಿಯಲ್ಲಿ ಅದು 'ತುಳು-ತಿಗಳಾರಿ' ಎಂದು ಸೇರಿತು. ನಡುವಿನ ಅಡ್ಡಗೆರೆಯೊಂದು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿತು. ಈ ಗಲಾಟೆಯನ್ನು ನಾನು ನೌಗಟ್ಟಿನ ಗಲಾಟೆಯೊಡನೆ ಸೇರಿಸಲಾರೆ. ಇಲ್ಲಿ ಜಗಳವಾಡಿದವರು ಓಲೆಗಳನ್ನು ಓದಬಲ್ಲವರಾಗಿದ್ದರು.

ತಿಂಡಿಯ ಹೆಸರುಗಳ ಕತೆ ಏನಾಯಿತೆಂದು ಕೇಳುತ್ತೀರಿ. 2017ರಲ್ಲಿ ಓರಿಯೊ, 2018ರಲ್ಲಿ ಪೈ ಬಂದವು. 2019ರ ಆಗಸ್ಟಿನಲ್ಲಿ ಕ್ಯೂ ಅಕ್ಷರದ ಸರದಿ ಬಂದಾಗ, ಕಂಪೆನಿಯವರು ಈ ಆಟ ಸಾಕೆಂದು 'ಆಂಡ್ರಾಯ್ಡ್ 10' ಎಂದು ಸಂಖ್ಯೆಯನ್ನೇ ಹೆಸರು ಮಾಡಿದರು. ಕೊಟ್ಟ ಕಾರಣಗಳು ಸ್ವಾರಸ್ಯವಾಗಿವೆ. ಪೈ ಎಂಬುದು ಎಲ್ಲ ದೇಶಗಳಲ್ಲಿಯೂ ಸಿಹಿತಿಂಡಿಯಲ್ಲ, ಮಾರ್ಷ್‌ಮೆಲೊ ಬಹಳ ಕಡೆ ಜನರಿಗೆ ಪರಿಚಿತವಲ್ಲ. ಅಷ್ಟೇ ಅಲ್ಲ, ಕೆಲವು ಭಾಷೆಗಳಲ್ಲಿ ಮಾತಾಡುವಾಗ ಎಲ್ ಮತ್ತು ಆರ್ ಅಕ್ಷರಗಳ ಭೇದವೇ ತಿಳಿಯುವುದಿಲ್ಲ. ರಕಾರ ಲಕಾರಗಳಿಗೆ ಅಭೇದವೆಂದು ನಮ್ಮ ಹಿಂದಿನವರು ಹೇಳಿಟ್ಟದ್ದನ್ನು ಅವರು ಹತ್ತು ವರ್ಷ ಕಳೆದು ಕಂಡುಕೊಂಡರು. ನನ್ನ ತರಗತಿಯ ಹುಡುಗರು ಮಾರ್ಷ್‌ಮೆಲೊ ತಿಂದವರಲ್ಲವೆಂಬುದೂ ಹೀಗೆ ಅವರಿಗೆ ಮುಟ್ಟಿದಂತಾಯಿತು.

ಆದರೂ ಅಡುಗೆಮನೆಯೊಳಗೆ ಹಳೆಯ ರೂಢಿ ಬಿಟ್ಟಿಲ್ಲ. ಇಂಜಿನಿಯರುಗಳು ತಮ್ಮತಮ್ಮೊಳಗೆ ಈಗಲೂ ತಿಂಡಿಯ ಹೆಸರನ್ನೇ ಬಳಸುತ್ತಾರೆ. 2025ರಲ್ಲಿ ಹೊರಬಂದ 16ನೆಯ ಆವೃತ್ತಿಗೆ ಒಳಗಿನವರು ಇಟ್ಟುಕೊಂಡ ಹೆಸರು ಬಕ್ಲಾವ. ಪಶ್ಚಿಮ ಏಷ್ಯದಲ್ಲಿ ಹಬ್ಬಕ್ಕೆ ಮಾಡುವ, ಬೀಜ ತುಂಬಿದ ಪದರಪದರದ ಸಿಹಿ. ಅದನ್ನು ಇಡುವಾಗ ಯಾರನ್ನೂ ಕೇಳಲಿಲ್ಲ, ಆದ್ದರಿಂದ ಯಾರೂ ಸಿಟ್ಟಾಗಲೂ ಇಲ್ಲ. ಹೊರಗಡೆ ನಿಮಗೂ ನನಗೂ ಅದು ಬರಿಯ ಹದಿನಾರು.