ಬಾವುಟ ಏರಿದ ಮೇಲೆ ಉಳಿಯುವ ಕೆಲಸ

(ಸ್ವಾತಂತ್ರ್ಯ ದಿನದ ಕೂಟದಲ್ಲಿ ತೋಟದ ಕುಟುಂಬಗಳಿಗೆ ಮಾಡಿದ ಭಾಷಣ)



ಇಂದು ನಾವು ಬಾವುಟ ಏರಿಸಿದೆವು, ಮಕ್ಕಳಿಗೆ ಮಿಠಾಯಿ ಹಂಚಿದೆವು. ಈ ಸಂತೋಷದ ನಡುವೆ, 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಸಿಗದಿದ್ದ ಒಂದು ಸೀಮೆಯ ವಿಷಯವನ್ನು ನಿಮ್ಮ ಮುಂದೆ ಇಡುತ್ತೇನೆ.

ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಹತ್ತಿರ, ನಾಗಲಗಿದ್ದ ಎಂಬ ಊರಿದೆ. ಆ ಕಾಲದಲ್ಲಿ ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿತ್ತು. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಅವು ಬೇರೆಯಾದವು. ಅದಕ್ಕೆ ಮೊದಲು ಇದೆಲ್ಲವೂ ಹೈದರಾಬಾದ್ ನಿಜಾಮರ ರಾಜ್ಯ. ಭಾರತ ಸ್ವತಂತ್ರವಾದಾಗ ನಿಜಾಮರು ಭಾರತಕ್ಕೆ ಸೇರಲಿಲ್ಲ.

ಮುಂದಿನ ಹದಿಮೂರು ತಿಂಗಳು ಭಯದ ತಿಂಗಳುಗಳು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಅನೇಕರನ್ನು ಕೊಂದರು. ಭಾರತಕ್ಕೆ ಸೇರುವುದೇ ಸರಿ ಎಂದು ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನರನ್ನು ಆಗಸ್ಟ್‌ನಲ್ಲಿ ಕೊಂದರು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. 17ರಂದು ನಿಜಾಮರು ಮಣಿದರು. ಬಾವುಟ ಏರಿತು.

ಆದರೆ ಅಲ್ಲಿಗೆ ಎಲ್ಲವೂ ಮುಗಿಯಿತೇ? ಇಲ್ಲ. ಸೇಡಿನ ಬೆಂಕಿ ಹತ್ತಿತು. ರಜಾಕಾರರು ಮಾಡಿದ ಪಾಪಕ್ಕೆ, ಏನೂ ಮಾಡದ ಮುಸಲ್ಮಾನ ಕುಟುಂಬಗಳು ಪ್ರಾಣ ತೆತ್ತವು. ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಆ ವರ್ಷದ ಕೊನೆಯಲ್ಲಿ ಊರೂರು ಸುತ್ತಿತು. ಸತ್ತವರು 27,000ದಿಂದ 40,000 ಇರಬಹುದು ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್, ಗುಲಬರ್ಗಾ ಎರಡೂ ಇದ್ದವು. ಆ ವರದಿ ಜನರ ಓದಿಗೆ ಸಿಕ್ಕಿದ್ದು 2013ರಲ್ಲಿ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಕಾಪಾಡಿದರು. ಕಾಪಾಡಲು ಹೋಗಿ ತಾವೇ ಪ್ರಾಣ ಕೊಟ್ಟವರೂ ಉಂಟು. ಒಂದೇ ಕಸುಬು ಮಾಡಿದವರಿಗೆ, ಇವನ ಹೊಟ್ಟೆಯೂ ನನ್ನ ಹೊಟ್ಟೆಯಂತೆಯೇ ಎಂದು ಗೊತ್ತಿತ್ತು. ದುಡಿಯುವ ಜನರಾದ ನಾವು ಇದನ್ನು ಮರೆಯಬಾರದು.

ಮುಂದೆ ಸರ್ಕಾರವೂ ಕೆಲಸ ಮಾಡಿತು. 1949ರ ಆಗಸ್ಟ್ 15ರಂದು ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿದಾರರ ರಕ್ಷಣೆಗೆ ಕಾನೂನು ಬಂತು. 1952ರ ಚುನಾವಣೆಯಲ್ಲಿ ಕೂಲಿಯವನೂ ಜಾಗೀರುದಾರನೂ ಒಂದೊಂದೇ ಓಟು ಹಾಕಿದರು. ಕಾಗದದ ಮೇಲಿನ ಕಾನೂನೆಲ್ಲ ಹೊಲಕ್ಕೆ ಇಳಿಯಲಿಲ್ಲ ನಿಜ. ಆದರೂ ಬಾಗಿ ನಡೆದ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಅದೇ 1948ರಲ್ಲಿ ಸಮುದ್ರದಾಚೆ ಏನಾಯಿತು ನೋಡಿ. ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ವರ್ಷ ಮುಗಿಯುವ ಮೊದಲೇ ಬಂದ ಪೌರತ್ವ ಕಾನೂನು, ಭಾರತ ಮೂಲದ ಲಕ್ಷಾಂತರ ತೋಟದ ಕೆಲಸಗಾರರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಭಾರತಕ್ಕೆ ಬಂದವರಲ್ಲಿ ಕೆಲವರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದರು. ಅಲ್ಲೇ ಉಳಿದು ಪೌರತ್ವವಿಲ್ಲದೆ ಇದ್ದವರಿಗೆ 2003ರ ಕಾನೂನು ದಾರಿ ಮಾಡಿತು. 1983ರಲ್ಲಿ ಹೊತ್ತಿದ ಅಂತರ್ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ.

ಹೀಗಿರುವಾಗ, ಬಂದೂಕು ಸುಮ್ಮನಾದ ದಿನವೇ ಸ್ವಾತಂತ್ರ್ಯ ಪೂರ್ಣವಾಗುವುದಿಲ್ಲ. ಸೋತವರ ಮನೆಯ ತಾಯಿಯೂ ಬಾಗಿಲು ತೆರೆದಿಟ್ಟು ಅಡಿಗೆ ಮಾಡುವಂತಾದ ದಿನ ಅದು ಪೂರ್ಣವಾಗುತ್ತದೆ. ಆ ದಿನವನ್ನು ಸೈನ್ಯ ತರಲಾರದು. ನೆರೆಹೊರೆಯವರೇ ತರಬೇಕು.

ನಮ್ಮ ಲೈನುಗಳಲ್ಲಿಯೂ ಹಲವು ಭಾಷೆ, ಹಲವು ಜಾತಿ, ಹಲವು ಮತದ ಜನರಿದ್ದೇವೆ. ಗಾಳಿಮಾತು ಬಂದಾಗ ಅದನ್ನು ಮುಂದೆ ದಾಟಿಸದಿರೋಣ. ಪಕ್ಕದ ಮನೆಗೆ ಅಪಾಯ ಬಂದರೆ ಆ ಬಾಗಿಲಲ್ಲಿ ನಾವೇ ಮೊದಲು ನಿಲ್ಲೋಣ. ಹೆಸರು ಬರೆದಿಡದ ಆ ನೇಕಾರರು ನಮಗೆ ಕೊಟ್ಟು ಹೋದ ಪಾಠ ಇದೇ.